ದಾರಿಯೆನ್ ಪ್ರಾಂತ್ಯ ಒಂದು ಕಡಲಿಗೆ, ದಾರಿಯೆನ್ ಕೊಲ್ಲಿ ಇನ್ನೊಂದು ಕಡಲಿಗೆ: ಇದ್ಯಾಕೆ ಹೀಗೆ?

ನಕ್ಷೆಹುಳ:
ರಾತ್ರಿ ಸುಮ್ನೆ ಪನಾಮದ ನಕ್ಷೆ ನೋಡ್ತಾ ಕೂತಿದ್ದೆ, ಒಂದು ವಿಷಯ ತಲೆ ತಿನ್ನುತ್ತಿದೆ. ದೇಶದ ಪೂರ್ವ ತುದಿಯಲ್ಲಿ, ಕೊಲಂಬಿಯಾ ಗಡಿಗೆ ಅಂಟಿಕೊಂಡು ದಾರಿಯೆನ್ ಅನ್ನೋ ಪ್ರಾಂತ್ಯ ಇದೆ. ದಟ್ಟ ಕಾಡು. ಅದಕ್ಕೆ ಕಡಲತೀರ ಇರೋದು ಪೆಸಿಫಿಕ್ ಕಡೆ ಮಾತ್ರ. ಆದರೆ ದಾರಿಯೆನ್ ಕೊಲ್ಲಿ ನೋಡಿದ್ರೆ ಆಚೆ ಕಡೆ, ಕೆರಿಬಿಯನ್ ಸಮುದ್ರದಲ್ಲಿದೆ! ಹೆಸರು ಹೇಗೆ ದಾಟಿ ಬಂತು? ಅಲ್ಲಿನ ಮೂಲನಿವಾಸಿಗಳು ಯಾರು? ಸುದ್ದಿಯಲ್ಲಿ ನೋಡಿದ್ರೆ ಬರೀ ಹಾವು, ಕೆಸರು, ವಲಸಿಗರು. 2023ರಲ್ಲಿ 5 ಲಕ್ಷಕ್ಕೂ ಜಾಸ್ತಿ ಜನ ಆ ಕಾಡು ದಾಟಿದರಂತೆ. ಆದರೆ ಅಲ್ಲೇ ಇರೋರ ಬಗ್ಗೆ ಒಂದು ಸಾಲೂ ಸಿಗಲಿಲ್ಲ.

ಹಳೇಮೇಷ್ಟ್ರು:
ಒಳ್ಳೇ ಪ್ರಶ್ನೆ. ಹೆಸರು ಹುಟ್ಟಿದ್ದೇ ಆ ಪ್ರಾಂತ್ಯದಲ್ಲಲ್ಲ. ಈಗ ಕೊಲಂಬಿಯಾದಲ್ಲಿರೋ ಉರಾಬಾ ಕೊಲ್ಲಿಯ ದಡದಲ್ಲಿ ಒಂದು ನದಿ. ಸ್ಥಳೀಯರು ಅದನ್ನು ತರೇನಾ ಅಂತಿದ್ದರು, ಸ್ಪ್ಯಾನಿಷರ ಬಾಯಲ್ಲಿ ಅದು ದಾರಿಯೆನ್ ಆಯ್ತು ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ವಿವರಣೆ. 1510ರಲ್ಲಿ ಅವರು ಸೆಮಾಕೋ ಅನ್ನೋ ನಾಯಕನನ್ನು ಸೋಲಿಸಿ, ಅವನ ಊರಲ್ಲೇ ಸಾಂತಾ ಮರಿಯಾ ಲಾ ಆಂಟಿಗ್ವಾ ದೆಲ್ ದಾರಿಯೆನ್ ಅಂತ ಪಟ್ಟಣ ಕಟ್ಟಿದರು. ಪಕ್ಕದ ಕೊಲ್ಲಿಗೂ ಅದೇ ಹೆಸರು. 1513ರಲ್ಲಿ ಬಾಲ್ಬೋವಾ ಅನ್ನೋ ಸ್ಪ್ಯಾನಿಷ್ ದಂಡನಾಯಕ ಅಲ್ಲಿಂದ ಹೊರಟು, ಬೆಟ್ಟ ಹತ್ತಿ ಇಳಿದು ಪೆಸಿಫಿಕ್ ಮುಟ್ಟಿದ. ಅವನು ಕಾಲಿಟ್ಟಿದ್ದು ಈಗಿನ ಪ್ರಾಂತ್ಯದ ಸಾನ್ ಮಿಗೆಲ್ ಕೊಲ್ಲಿಯಲ್ಲಿ. ಸಂತ ಮಿಗೆಲ್‌ನ ಹಬ್ಬದ ದಿನ ಬಂದ, ಅದಕ್ಕೇ ಆ ಹೆಸರು. ಹೀಗೆ ದಾರಿಯೆನ್ ಅನ್ನೋದು ಈಚೆ ದಡದವರೆಗೂ ಹರಡಿತು. ಮೂಲ ಪಟ್ಟಣ ಕೆಲವೇ ವರ್ಷಗಳಲ್ಲಿ ಖಾಲಿಯಾಯ್ತು, ಹೆಸರು ಮಾತ್ರ ಉಳಿಯಿತು.

ನಡುವೆ ಸ್ಕಾಟ್‌ಲೆಂಡಿನವರೂ 1698ರಲ್ಲಿ ಕೆರಿಬಿಯನ್ ಕಡೆ ವಸಾಹತು ಮಾಡೋಕೆ ಬಂದು, ಜ್ವರ ಬಂದು ಸತ್ತು, ಎರಡೇ ವರ್ಷದಲ್ಲಿ ದುಡ್ಡೆಲ್ಲ ಕಳೆದುಕೊಂಡು ಹೋದರು. ಅದು ಬೇರೆ ಕಥೆ.

ಬೇಜಾರಿನ ಸಂಗತಿ ಏನಂದ್ರೆ, ಆಗ ಅಲ್ಲಿದ್ದ ಕ್ವೇವಾ ಜನ ಯುದ್ಧ, ಗುಲಾಮಗಿರಿ, ಕಾಯಿಲೆಗೆ ಸಿಕ್ಕಿ ಬೇಗನೇ ಅಳಿದುಹೋದರು. ಈಗ ಇರೋದು ಚೋಕೋ ಬುಡಕಟ್ಟಿನವರು, ಮತ್ತೆ ಗುನಾಗಳು. ಆಫ್ರಿಕಾ ಮೂಲದವರೂ ತುಂಬಾ ಇದ್ದಾರೆ.

ಉಳ್ಳಾಲದಹುಡುಗ:
ಮೇಷ್ಟ್ರೇ, ಉಳಿದಿದ್ದೆಲ್ಲ ಸರಿ, ಆದರೆ "ಚೋಕೋ" ಅನ್ನೋದು ಹೊರಗಿನವರು ಇಟ್ಟ ಹೆಸರು. ಅವರು ಎರಡು ಜನಾಂಗ, ಎಂಬೆರಾ ಮತ್ತು ವೊವುನಾನ್. ಎರಡು ಪದಕ್ಕೂ ಅವರವರ ಭಾಷೆಯಲ್ಲಿ "ಜನ" ಅಂತಲೇ ಅರ್ಥ. ಭಾಷೆಗಳು ಒಂದೇ ಕುಟುಂಬದವು, ಆದರೆ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗಲ್ಲ. ಗುನಾ ಭಾಷೆ ಪೂರ್ತಿ ಬೇರೆ ಕುಟುಂಬದ್ದು.

ನಾನು ಹಡಗಿನಲ್ಲಿ ಕೆಲಸ ಮಾಡ್ತೀನಿ. ಒಮ್ಮೆ ಪನಾಮ ಕಾಲುವೆ ದಾಟೋಕೆ ಸರದಿ ಕಾಯ್ತಾ ಇದ್ದಾಗ ಒಂದು ದಿನ ರಜೆ ಸಿಕ್ತು, ಚಾಗ್ರೆಸ್ ನದಿ ದಡದ ಎಂಬೆರಾ ಹಳ್ಳಿಗೆ ಹೋಗಿದ್ದೆ. ಅವರ ಹಿರಿಯರು ದಾರಿಯೆನ್‌ನಿಂದ ಬಂದವರು. ಕಂಬದ ಮೇಲೆ ಗೋಡೆಯಿಲ್ಲದ ಮನೆ, ಹತ್ತೋಕೆ ಒಂದೇ ಮರದ ದಿಮ್ಮಿಗೆ ಕಚ್ಚು ಹಾಕಿದ ಏಣಿ. ಬಾಳೆಕಾಯಿ ಕರಿದು, ಒತ್ತಿ ಚಪ್ಪಟೆ ಮಾಡಿ, ಮತ್ತೆ ಕರಿದು, ಮೀನಿನ ಜೊತೆ ಎಲೆ ಪೊಟ್ಟಣದಲ್ಲಿ ಕೊಟ್ಟರು. ಒಬ್ಬ ಅಜ್ಜಿ ಹಾಗುವಾ ಕಾಯಿ ರಸದಲ್ಲಿ ನನ್ನ ಕೈಮೇಲೆ ಗೆರೆ ಎಳೆದರು. ಆಗ ನೀರಿನ ಥರ ಇತ್ತು, ಏನೂ ಕಾಣಲೇ ಇಲ್ಲ. ಮಾರನೇ ದಿನ ಬೆಳಿಗ್ಗೆ ನೋಡ್ತೀನಿ, ಮೊಣಕೈವರೆಗೂ ನೀಲಿಗಪ್ಪು! ಸೋಪಿಗೂ ಹೋಗಲ್ಲ, ಡೀಸೆಲ್‌ಗೂ ಹೋಗಲ್ಲ. ಹತ್ತು ದಿನ ಹಾಗೇ ಡ್ಯೂಟಿ ಮಾಡಿದೆ.

ಅಲ್ಲಿ ದೋಣಿ ನಡೆಸ್ತಿದ್ದವನು ಕೇಳಿದ್ದು ದೇಶ ಯಾವುದು ಅಂತಲ್ಲ, "ನಿಮ್ಮದು ಯಾವ ನದಿ?" ಅಂತ. ನೇತ್ರಾವತಿ ಅಂದೆ. ತಲೆಯಾಡಿಸಿದ. ಅವರಲ್ಲಿ ಗುರುತೇ ಹಾಗೆ. ಎಂಬೆರಾ ಭಾಷೆಯಲ್ಲಿ "ದೋ" ಅಂದ್ರೆ ನದಿ, ನದಿ ದಡದವರು ದೋಬಿದಾ, ಬೆಟ್ಟದವರು ಎಯಾಬಿದಾ.

ನಕ್ಷೆಹುಳ:
ಇದು ಬೇಕಿತ್ತು ನೋಡಿ! ಥ್ಯಾಂಕ್ಸ್ ಇಬ್ಬರಿಗೂ. ಹಾಗಾದ್ರೆ ಪ್ರಾಂತ್ಯದ ಮಧ್ಯೆ ಎರಡು ತುಂಡು ಬೇರೆ ಬಣ್ಣದಲ್ಲಿ ತೋರಿಸಿದ್ದಾರಲ್ಲ, ಅದೇನು? ಮತ್ತೆ ಹೆಸರಲ್ಲೇ "ದಾರಿ" ಇದ್ದೂ ದಾರಿಯೇ ಇಲ್ಲ ಅಲ್ವಾ 😄

ಹಳೇಮೇಷ್ಟ್ರು:
ಉಳ್ಳಾಲದವರೇ, ತಿದ್ದಿದ್ದು ಸರಿ, ಒಪ್ಪಿದೆ. ಆ ಎರಡು ತುಂಡು ಸೇರಿ ಎಂಬೆರಾ-ವೊವುನಾನ್ ಸ್ವಾಯತ್ತ ಪ್ರದೇಶ. 1983ರಲ್ಲಿ ದಾರಿಯೆನ್‌ನಿಂದಲೇ ಕತ್ತರಿಸಿ ಕೊಟ್ಟಿದ್ದು. ಅದರಲ್ಲಿ ಒಂದು ಜಿಲ್ಲೆಯ ಹೆಸರು ಸೆಮಾಕೋ. ಹೌದು, 1510ರಲ್ಲಿ ಸೋತ ಅದೇ ನಾಯಕ. ಕೆರಿಬಿಯನ್ ತೀರ ಗುನಾ ಯಾಲಾ ಪ್ರದೇಶಕ್ಕೆ ಸೇರಿದ್ದು, ಗುನಾಗಳು 1925ರಲ್ಲಿ ದಂಗೆ ಎದ್ದು ಹಕ್ಕು ಗಿಟ್ಟಿಸಿಕೊಂಡವರು. ಅದಕ್ಕೇ ನಿಮ್ಮ ಪ್ರಾಂತ್ಯಕ್ಕೆ ಆ ಕಡೆ ಕಡಲಿಲ್ಲ.

ಇನ್ನು ದಾರಿ. ಅಲಾಸ್ಕದಿಂದ ಬರೋ ಹೆದ್ದಾರಿ ಯಾವಿಸಾ ಅನ್ನೋ ಊರಲ್ಲಿ ನದಿ ದಡಕ್ಕೆ ಬಂದು ಮುಗಿಯುತ್ತದೆ. ಮುಂದೆ ಸುಮಾರು 100 ಕಿಲೋಮೀಟರ್ ರಸ್ತೆಯೇ ಇಲ್ಲ. 1970ರ ದಶಕದಲ್ಲಿ ಕಟ್ಟೋಕೆ ಹೊರಟಿದ್ದರು. ತಡೆದಿದ್ದರಲ್ಲಿ ದನಗಳ ಕಾಲುಬಾಯಿ ಜ್ವರದ ಪಾಲೂ ಇದೆ. ದಕ್ಷಿಣದ ಕಾಯಿಲೆ ಉತ್ತರಕ್ಕೆ ಬರದಂತೆ ಕಾಡೇ ಬೇಲಿ ಅಂತ ಅಮೆರಿಕದವರ ಲೆಕ್ಕಾಚಾರ.

ಉಳ್ಳಾಲದಹುಡುಗ:
ಯಾವಿಸಾದಿಂದ ಆಚೆ ರಸ್ತೆ ಇಲ್ಲ ಅಷ್ಟೇ ಮೇಷ್ಟ್ರೇ, ದಾರಿ ಇದೆ. ಬಾಳೆಗೊನೆ ತುಂಬಿದ ದೋಣಿಗಳು ಮತ್ತೆ ಹೇಗೆ ಬರ್ತವೆ?