ಏನೂ ಗೊತ್ತಿಲ್ಲದೆ ಗೇಮ್ ತಗೊಂಡವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಲ್ಯಾಪ್‌ಟಾಪ್ ತಗೊಂಡೆ. ಅದಕ್ಕೆ ಮುಂಚೆ ಮೊಬೈಲಿನಲ್ಲಿ ಕ್ರಿಕೆಟ್ ಗೇಮ್ ಬಿಟ್ಟರೆ ಬೇರೇನೂ ಆಡಿದವನಲ್ಲ. ಈಗ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬಂತೆಂದರೆ ಕೈ ತಡೆಯುವುದಿಲ್ಲ. ಚಿತ್ರ ಚೆನ್ನಾಗಿದೆ, ಬೆಲೆ ಶೇಕಡಾ 75 ಇಳಿದಿದೆ, ಅಷ್ಟೇ ಸಾಕು. ಹೀಗೆ 11 ಗೇಮ್ ಸೇರಿವೆ. ತೆರೆದು ನೋಡಿದ್ದು ಮೂರನ್ನು ಮಾತ್ರ. ಅದರಲ್ಲಿ ಒಂದು ನನ್ನ ಲ್ಯಾಪ್‌ಟಾಪಿನಲ್ಲಿ ಓಡುವುದೇ ಇಲ್ಲ. ಹೋದ ವಾರ ತಗೊಂಡ ಎರಡನ್ನು ಇನ್ನೂ ಮುಟ್ಟಿಲ್ಲ. ಒಟ್ಟು ಸುಮಾರು 6,000 ರೂಪಾಯಿ ಆಗಿದೆ. ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸುವವನು ನಾನು, ಅದಕ್ಕೇ ಬೇಜಾರು. ಕೊಳ್ಳುವ ಮುಂಚೆ ನೀವು ಏನೇನು ನೋಡುತ್ತೀರಿ? ಎಲ್ಲಾ ತಿಳಿದುಕೊಂಡು ಕೂತರೆ ಆಡುವ ಮಜಾನೇ ಹೋಗಲ್ವಾ?

ಮೈಸೂರಿನಿಂದ

ಮೊದಲು ಆ ಹೋದ ವಾರದ ಎರಡನ್ನು ನೋಡಿ. ಸ್ಟೀಮ್‌ನಲ್ಲಿ 2015ರ ಜೂನ್‌ನಿಂದ ಒಂದು ನಿಯಮ ಇದೆ. ಕೊಂಡು 14 ದಿನ ಆಗಿರಬಾರದು, ಆಡಿದ ಸಮಯ 2 ಗಂಟೆ ದಾಟಿರಬಾರದು. ಅಷ್ಟಿದ್ದರೆ ದುಡ್ಡು ವಾಪಸ್ ಕೇಳಬಹುದು. ದೊಡ್ಡ ಕಾರಣ ಏನೂ ಬೇಡ, ಇಷ್ಟವಾಗಲಿಲ್ಲ ಎಂದರೂ ಸಾಕು. ದುಡ್ಡು ಕೆಲವೊಮ್ಮೆ ಬ್ಯಾಂಕಿಗೆ ಬರುತ್ತದೆ, ಕೆಲವೊಮ್ಮೆ ಸ್ಟೀಮ್ ವಾಲೆಟ್‌ಗೆ, ಅಂದರೆ ಸ್ಟೀಮ್‌ನಲ್ಲೇ ಖರ್ಚು ಮಾಡುವ ಖಾತೆಗೆ ಬರುತ್ತದೆ. ಕೇಳುವಾಗಲೇ ಯಾವುದು ಬೇಕೆಂದು ಆರಿಸಿ. ಆದರೆ ಇದನ್ನೇ ಪುಕ್ಕಟೆ ಆಡುವ ದಾರಿ ಮಾಡಿಕೊಂಡರೆ ಅವರು ನಿಲ್ಲಿಸುತ್ತಾರೆ.

ಈ ನಿಯಮ ಗೊತ್ತಾದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕೊಂಡ ಗೇಮನ್ನು ಅದೇ ವಾರ ಕೂತು ಒಂದೂವರೆ ಗಂಟೆ ಆಡಲೇಬೇಕು. ಆ ವಾರ ಸಮಯ ಇಲ್ಲ ಅನ್ನಿಸಿದರೆ ಕೊಳ್ಳುವುದೇ ಇಲ್ಲ. ನನ್ನ ಮಟ್ಟಿಗೆ ದುಡ್ಡು ಪೋಲಾಗುತ್ತಿದ್ದದ್ದು ಕೆಟ್ಟ ಗೇಮ್‌ಗಳಿಂದಲ್ಲ, ತೆರೆಯದೆ ಇಟ್ಟ ಗೇಮ್‌ಗಳಿಂದ.

ಇನ್ನು ಮಜಾ ಹೋಗುವ ಮಾತು. 2019ರಲ್ಲಿ ಎರಡು ಗೇಮ್ ಬಂದವು, ಒಂದು ಔಟರ್ ವೈಲ್ಡ್ಸ್, ಇನ್ನೊಂದು ದಿ ಔಟರ್ ವರ್ಲ್ಡ್ಸ್. ಸ್ನೇಹಿತ ಹೇಳಿದ್ದು ಎರಡನೆಯದು, ಬಂದೂಕು ಹಿಡಿದು ಬೇರೆ ಗ್ರಹಗಳಲ್ಲಿ ತಿರುಗುವಂಥದ್ದು. ನಾನು ಹೆಸರು ತಪ್ಪಾಗಿ ಓದಿ ಮೊದಲನೆಯದನ್ನು ತಗೊಂಡೆ. ತೆರೆದರೆ ಬಂದೂಕೇ ಇಲ್ಲ. ಕಾಡಿನ ನಡುವೆ ಒಂದು ಬೆಂಕಿ, ಮೇಲೆ ಆಕಾಶ, ಪಕ್ಕದಲ್ಲಿ ಒಂದು ಪುಟ್ಟ ಆಕಾಶನೌಕೆ. ವಾಪಸ್ ಮಾಡೋಣ ಎಂದುಕೊಂಡೇ ಆ ನೌಕೆ ಹತ್ತಿದೆ. ಆಮೇಲೆ ಮೂರು ವಾರ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಏನಾಯಿತೆಂದು ಇಲ್ಲಿ ಹೇಳುವುದಿಲ್ಲ, ಹೇಳಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ಆ ಗೇಮಿನಲ್ಲಿ ನಿಮ್ಮ ಶಕ್ತಿ ಹೆಚ್ಚುವುದಿಲ್ಲ, ಹೊಸ ಆಯುಧ ಸಿಗುವುದಿಲ್ಲ. ನಿಮಗೆ ಏನು ಅರ್ಥವಾಯಿತೋ ಅದೇ ಸಂಪಾದನೆ. ಒಮ್ಮೆ ಗೊತ್ತಾದ ಮೇಲೆ ಮತ್ತೆ ಗೊತ್ತಿಲ್ಲದವರ ಹಾಗೆ ಆಡಲು ಆಗುವುದಿಲ್ಲ.

ಅದಕ್ಕೇ ನಾನು ಕಥೆಯ ಬಗ್ಗೆ ಒಂದಕ್ಷರ ಓದುವುದಿಲ್ಲ. ಕೈಯಿಂದ ಏನು ಮಾಡಿಸುತ್ತದೆ ಎಂದಷ್ಟೇ ನೋಡುತ್ತೇನೆ. ಓಡಿಸುತ್ತದಾ, ಹೊಡೆದಾಡಿಸುತ್ತದಾ, ಓದಿಸುತ್ತದಾ, ಲೆಕ್ಕ ಹಾಕಿಸುತ್ತದಾ? ಟ್ರೇಲರ್‌ನಲ್ಲಿ ಇದು ಕಾಣುವುದಿಲ್ಲ. ಯಾರಾದರೂ ಮಾತಾಡದೆ ಆಡಿದ ವೀಡಿಯೊ ಹುಡುಕಿ, ಶುರುವಿನ ಐದು ನಿಮಿಷ ನೋಡಿದರೆ ತಿಳಿಯುತ್ತದೆ.

ಸಾಗರದ ಹತ್ತಿರದ ಹಳ್ಳಿಯಿಂದ

ನಮ್ಮ ಕಡೆ ಸಮಸ್ಯೆನೇ ಬೇರೆ. ಮನೆಗೆ ಫೈಬರ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ 2 ಜಿಬಿ ಡೇಟಾ. ನಾನು ಮೊದಲ ಸಲ ಕೊಂಡ ದೊಡ್ಡ ಗೇಮ್ 90 ಜಿಬಿ ಇತ್ತು. ಕೊಳ್ಳುವಾಗ ನೋಡಲೇ ಇಲ್ಲ. ಹೇಗೆ ಲೆಕ್ಕ ಹಾಕಿದರೂ ಒಂದೂವರೆ ತಿಂಗಳು ಬೇಕು. ಕೊನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಶಿವಮೊಗ್ಗದ ಅಕ್ಕನ ಮನೆಗೆ ಹೋಗಿ ಇಳಿಸಿಕೊಂಡು ಬಂದೆ. ಬಂದ ವಾರಕ್ಕೇ 20 ಜಿಬಿಯ ಅಪ್‌ಡೇಟ್ ಕೇಳಿತು.

ಸ್ಟೀಮ್ ಪುಟದಲ್ಲಿ ಕೆಳಗೆ ಹೋದರೆ ಗೇಮಿಗೆ ಎಷ್ಟು ಜಾಗ ಬೇಕು ಎಂದು ಬರೆದಿರುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ 150 ಜಿಬಿ. ಸ್ಟಾರ್‌ಡ್ಯೂ ವ್ಯಾಲಿಗೆ 1 ಜಿಬಿ ಕೂಡ ಬೇಕಾಗಿಲ್ಲ. ಅದನ್ನು ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿದ್ದು, 2016ರಲ್ಲಿ ಬಂತು. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಮ್ಮ ಅಡಿಕೆ ತೋಟದ ಕೆಲಸ ಮುಗಿಸಿ ಬಂದು ನಾನು ಅದರಲ್ಲಿ ಮತ್ತೆ ಕುಂಬಳಕಾಯಿ ಬೆಳೆಯುತ್ತೇನೆ. ಹೊಸ ಗೇಮ್ ಎಲ್ಲಾ ದೊಡ್ಡದೇ ಆಗಿರಬೇಕಿಲ್ಲ.

ಅದೇ ಜಾಗದಲ್ಲಿ ಗೇಮ್ ಓಡಲು ಕಂಪ್ಯೂಟರ್ ಹೇಗಿರಬೇಕು ಎಂದು ಮಿನಿಮಮ್, ರೆಕಮೆಂಡೆಡ್ ಎಂಬ ಎರಡು ಪಟ್ಟಿ ಇರುತ್ತದೆ. ಮಿನಿಮಮ್ ಅಂದರೆ ಹೇಗೋ ಓಡುತ್ತದೆ ಎಂದಷ್ಟೇ ಅರ್ಥ. ನಿಮ್ಮ ಲ್ಯಾಪ್‌ಟಾಪ್ ರೆಕಮೆಂಡೆಡ್ ಪಟ್ಟಿಗೆ ಹೊಂದಿದರೆ ಧೈರ್ಯವಾಗಿ ತಗೊಳ್ಳಿ. ಗ್ರಾಫಿಕ್ಸ್ ಕಾರ್ಡಿನ (ಪರದೆಗೆ ಚಿತ್ರ ಮೂಡಿಸುವ ಭಾಗ) ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಳ್ಳಿ, ನಾನು ಹಾಗೇ ಮಾಡಿದ್ದೇನೆ.

ಮಂಗಳೂರಿನಿಂದ

ತಮ್ಮಾ, ನಾನು ಗೇಮ್ ಆಡುವವಳಲ್ಲ, ಮಗನಿಗೆ ಕೊಡಿಸುವವಳು. ಅವನಿಗೆ 12 ವರ್ಷ. ಹುಟ್ಟುಹಬ್ಬಕ್ಕೆ ಎಂದು ನನ್ನ ತಮ್ಮ ದುಬೈನಿಂದ ಬರುವಾಗ ಪಿಎಸ್5ಕ್ಕೆ (ಸೋನಿಯ ಪ್ಲೇಸ್ಟೇಷನ್ 5 ಗೇಮ್ ಯಂತ್ರ) ಎರಡು ಡಿಸ್ಕ್ ತಂದ. ನಮ್ಮ ಮನೆಯದು ಡಿಸ್ಕ್ ಹಾಕುವ ಜಾಗವೇ ಇಲ್ಲದ ಡಿಜಿಟಲ್ ಎಡಿಷನ್. ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಗನ ಮುಖ ನೋಡಲಾಗಲಿಲ್ಲ. ಕೊನೆಗೆ ಡಿಸ್ಕನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆವು, ಇಬ್ಬರೂ ಅವರ ಮನೆಯಲ್ಲಿ ಕೂತು ಆಡಿದರು.

ಇನ್ನೊಂದು ಸಲ ಡಬ್ಬದ ಮೇಲೆ ಬಣ್ಣ ಬಣ್ಣದ ಚಿತ್ರ ನೋಡಿ ಮಕ್ಕಳದ್ದೇ ಇರಬೇಕು ಎಂದುಕೊಂಡೆ. ಮೂಲೆಯಲ್ಲಿ ಕೆಂಪು ಚೌಕದೊಳಗೆ 18 ಎಂದಿತ್ತು. ಅದು ಪೆಗಿ ಎಂಬ ಯುರೋಪಿನ ವಯಸ್ಸಿನ ಗುರುತು. 3 ಮತ್ತು 7 ಹಸಿರು, 12 ಮತ್ತು 16 ಕಿತ್ತಳೆ, 18 ಕೆಂಪು. ಅದು ಎಷ್ಟು ಕಷ್ಟದ ಗೇಮ್ ಎಂದು ಹೇಳುವುದಲ್ಲ, ಒಳಗೆ ಎಂಥ ದೃಶ್ಯ, ಎಂಥ ಮಾತು ಇದೆ ಎಂದು ಹೇಳುವುದು. ಮಕ್ಕಳಿಗೆ ಕೊಡಿಸುವವರು ಆ ಬಣ್ಣ ಒಂದನ್ನು ನೆನಪಿಟ್ಟುಕೊಂಡರೂ ಸಾಕು. ಹೊರದೇಶದಿಂದ ಡಿಸ್ಕ್ ತರಿಸುವವರಿಗೆ ಇನ್ನೊಂದು ಮಾತು. ಡಿಸ್ಕ್ ಇಲ್ಲಿಯೂ ಓಡುತ್ತದೆ, ಆದರೆ ಆಮೇಲೆ ನಮ್ಮ ಇಲ್ಲಿಯ ಖಾತೆಯಿಂದ ಕೊಳ್ಳುವ ಹೆಚ್ಚುವರಿ ಭಾಗಗಳು ಅದಕ್ಕೆ ಹೊಂದದೆ ಹೋಗಬಹುದು.

ಬೆಂಗಳೂರಿನಿಂದ, ವಯಸ್ಸು 42

ನಾವು ಚಿಕ್ಕವರಿದ್ದಾಗ ಗೊತ್ತಿದ್ದು ಕೊಂಡದ್ದೇ ಇಲ್ಲ. ಟಿವಿ ಗೇಮ್ ಕ್ಯಾಸೆಟ್ಟಿನ ಮೇಲೆ ಒಂದು ಚಿತ್ರ ಇರುತ್ತಿತ್ತು, ಒಳಗಿನ ಆಟಕ್ಕೂ ಅದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. 9999 ಗೇಮ್ ಎಂದು ಬರೆದಿದ್ದರೆ ಒಳಗೆ ಬೆರಳೆಣಿಕೆಯಷ್ಟೇ, ಅವೇ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಆದರೂ ಒಂದು ಕ್ಯಾಸೆಟ್ ಬೇಸಿಗೆ ರಜೆ ಪೂರ್ತಿ ಬರುತ್ತಿತ್ತು. ಯಾಕೆಂದರೆ ಮನೆಯಲ್ಲಿ ಅದೊಂದೇ ಇತ್ತು. ಅಣ್ಣನೂ ನಾನೂ ಕಾಂಟ್ರಾ ಆಡುವಾಗ ಯಾವ ಬಂಡೆಯ ಹಿಂದೆ ಯಾರು ಬರುತ್ತಾರೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆವು.

ಹೆಸರು ನೋಡಿ ಕೊಳ್ಳುವುದು ಇವತ್ತಿನದ್ದಲ್ಲ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ಇ.ಟಿ. ಸಿನಿಮಾದ ಹೆಸರಿನಲ್ಲಿ ಗೇಮ್ ಮಾಡಿತು. ಕ್ರಿಸ್‌ಮಸ್ ಮಾರಾಟಕ್ಕೆ ಸಿಗಬೇಕೆಂದು ಸುಮಾರು ಐದು ವಾರದಲ್ಲಿ ಮುಗಿಸಿದರು. ಸಿನಿಮಾ ಮೇಲಿನ ಪ್ರೀತಿಗೆ ಜನ ಮೊದಮೊದಲು ಮುಗಿಬಿದ್ದು ಕೊಂಡರು, ಆಮೇಲೆ ಅಂಗಡಿಗಳಿಗೆ ವಾಪಸ್ ತಂದರು. ಮಾರಾಟವಾಗದೆ ಉಳಿದ ಕ್ಯಾಸೆಟ್ಟುಗಳನ್ನು ಬೇರೆ ಸರಕಿನ ಜೊತೆ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ಅವು ಸಿಕ್ಕವು.

ನಿಮ್ಮ 11ರಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಲ್ಯಾಪ್‌ಟಾಪಿನಿಂದ ತೆಗೆದುಬಿಡಿ. ಖಾತೆಯಲ್ಲಿ ಇದ್ದೇ ಇರುತ್ತವೆ, ಎಲ್ಲಿಗೂ ಹೋಗುವುದಿಲ್ಲ. ಎದುರಿಗೆ ಒಂದೇ ಇರಲಿ.

ಕಲಬುರಗಿಯಿಂದ

ಅಣ್ಣ, ಭಾಷೆ ನೋಡುವುದನ್ನು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪೊಲೀಸ್ ತನಿಖೆ ಇದೆ, ಎಲ್ಲರೂ ಹೊಗಳುತ್ತಾರೆ ಎಂದು ಡಿಸ್ಕೋ ಎಲಿಸಿಯಮ್ ಕೊಂಡೆ. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ. ಆಡುವುದು ಅಂದರೆ ಹೆಚ್ಚುಕಡಿಮೆ ಓದುವುದೇ. ಮೊದಲ ರಾತ್ರಿ ಮೂರು ಪುಟಕ್ಕೆ ತಲೆ ನೋಯಿತು. ಅದು ಗೇಮಿನ ತಪ್ಪಲ್ಲ, ತುಂಬಾ ಚೆನ್ನಾಗಿ ಬರೆದಿದ್ದಾರೆ ಎಂದು ನನಗೂ ಗೊತ್ತಾಗುತ್ತಿತ್ತು. ನಿಘಂಟು ಇಟ್ಟುಕೊಂಡು ದಿನಕ್ಕೆ ಅರ್ಧ ಗಂಟೆಯಂತೆ ಆಡಿದೆ. ಮುಗಿಸಲು ಏಳು ತಿಂಗಳು ಹಿಡಿಯಿತು. ಈಗ ಆಫೀಸಿನ ಮೇಲ್ ಬರೆಯುವಾಗ ಮೊದಲಿನ ಹೆದರಿಕೆ ಇಲ್ಲ.

ಆದರೆ ಎಲ್ಲರಿಗೂ ಅಷ್ಟು ಸಮಯ ಇರಲ್ಲ ಅಲ್ವಾ? ಮಾತೇ ಇಲ್ಲದ ಗೇಮ್‌ಗಳೂ ಇವೆ. 2010ರ ಲಿಂಬೋ, 2012ರ ಜರ್ನಿ, 2018ರ ಗ್ರಿಸ್. ಯಾರೂ ಏನೂ ಹೇಳುವುದಿಲ್ಲ, ಕಣ್ಣಿಗೆ ಕಂಡದ್ದೇ ಕಥೆ. ಮೂರೂ ಚಿಕ್ಕವು, ಎರಡು ಮೂರು ರಾತ್ರಿಯಲ್ಲಿ ಮುಗಿಯುತ್ತವೆ. ನಮ್ಮ ಅವ್ವ ಪಕ್ಕದಲ್ಲಿ ಕೂತು ಜರ್ನಿ ಪೂರ್ತಿ ನೋಡಿದರು. ಕನ್ನಡ ಬಿಟ್ಟು ಬೇರೆ ಭಾಷೆ ಅವರಿಗೆ ಬರುವುದಿಲ್ಲ, ಬೇಕಾಗಲೂ ಇಲ್ಲ.

ಹುಬ್ಬಳ್ಳಿಯಿಂದ

ಬಿಡುಗಡೆಗೆ ಮುಂಚೆಯೇ ದುಡ್ಡು ಕಟ್ಟುವುದು ಬೇಡ. ಡೌನ್‌ಲೋಡ್ ಮಾಡುವ ಗೇಮ್ ಖಾಲಿಯಾಗುವ ವಸ್ತುವಲ್ಲ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕೆ. ದೋಷಗಳ ದೂರು ಜಾಸ್ತಿಯಾಗಿ ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ಅದನ್ನು ತೆಗೆದು ದುಡ್ಡು ವಾಪಸ್ ಕೊಡುತ್ತೇವೆ ಎಂದಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ನೋ ಮ್ಯಾನ್ಸ್ ಸ್ಕೈ ಕೂಡ ಹಾಗೇ. 2016ರಲ್ಲಿ ಬಂದಾಗ ಜನ ಬಹಳ ಬೇಸರಪಟ್ಟರು, ಆಮೇಲೆ ವರ್ಷಗಟ್ಟಲೆ ಪುಕ್ಕಟೆ ಅಪ್‌ಡೇಟ್ ಕೊಟ್ಟು ಸರಿಮಾಡಿದರು. ನಾನು ಯಾವುದನ್ನೂ ಒಂದು ವರ್ಷ ಆದ ಮೇಲೆ ನೋಡುತ್ತೇನೆ. ದುರಸ್ತಿಯೂ ಆಗಿರುತ್ತದೆ, ಬೆಲೆಯೂ ಇಳಿದಿರುತ್ತದೆ.

ತುಮಕೂರಿನಿಂದ

ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಕೊಳ್ಳುವವರು ಗಮನಿಸಿ. ಅಲ್ಲಿಯೂ 14 ದಿನ ಇದೆ, ಆದರೆ ಡೌನ್‌ಲೋಡ್ ಶುರುವಾದರೆ ಮುಗಿಯಿತು, ಗೇಮಿನಲ್ಲೇ ದೋಷ ಇದ್ದರೆ ಮಾತ್ರ ವಾಪಸ್. ತಾನಾಗಿಯೇ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಇದ್ದರೆ ಮೊದಲು ಆಫ್ ಮಾಡಿ. ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಗೇಮ್ ಅಂಗಡಿಯಲ್ಲಿ 30 ದಿನ ಇದೆ, ಆಡಿದ್ದರೂ ಕೇಳಬಹುದು.

ಬೆಂಗಳೂರಿನಿಂದ, ಎರಡನೆಯವರು

ನಾನು ಕೊಳ್ಳುತ್ತಿದ್ದದ್ದು ಯಾವಾಗಲೂ ರಾತ್ರಿ 11 ಗಂಟೆಯ ಮೇಲೆ. ಇದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಹಳೇ ರಸೀದಿಗಳ ಮೇಲಿನ ದಿನಾಂಕ ತೆಗೆದು ನೋಡಿದೆ. ಆಫೀಸಿನಲ್ಲಿ ಬೈಸಿಕೊಂಡ ದಿನ, ಊರಿಂದ ಕೆಟ್ಟ ಸುದ್ದಿ ಬಂದ ದಿನ, ಅಪ್ಪನ ಆಪರೇಷನ್ ಮುಂದಕ್ಕೆ ಹೋದ ದಿನ. ಅವತ್ತು ಆಡಲು ಮನಸ್ಸಾಗಲಿ ಶಕ್ತಿಯಾಗಲಿ ಇರುತ್ತಿರಲಿಲ್ಲ. ಮುಂದೆ ಒಂದು ದಿನ ಆರಾಮಾಗಿ ಕೂತು ಆಡುತ್ತೇನೆ ಎಂಬ ನೆಮ್ಮದಿಯನ್ನು ಕೊಳ್ಳುತ್ತಿದ್ದೆ. ನೀವೂ ಒಮ್ಮೆ ನಿಮ್ಮ ದಿನಾಂಕಗಳನ್ನು ನೋಡಿ. ಹಾಗೇನೂ ಇಲ್ಲದಿದ್ದರೆ ಒಳ್ಳೆಯದೇ.

ನಾನು ಮಾಡಿದ್ದು ಇಷ್ಟು. ಕಾರ್ಡಿನ ವಿವರ ಅಳಿಸಿದೆ. ತಿಂಗಳ ಮೊದಲ ವಾರ ವಾಲೆಟ್‌ಗೆ 500 ರೂಪಾಯಿ ಹಾಕುತ್ತೇನೆ, ಅದರಲ್ಲೇ ಆಗಬೇಕು. ರಾತ್ರಿ ಕಂಡದ್ದನ್ನು ವಿಶ್‌ಲಿಸ್ಟಿಗೆ ಹಾಕುತ್ತೇನೆ. ಬೆಲೆ ಇಳಿದಾಗ ಸ್ಟೀಮೇ ಮೇಲ್ ಕಳಿಸುತ್ತದೆ. ಸೇಲ್ ಮುಗಿದುಹೋಗುತ್ತದೆ ಎಂಬ ಭಯಕ್ಕೂ ಈಗ ಅರ್ಥವಿಲ್ಲ. ಮೊದಲೆಲ್ಲ ಸ್ಟೀಮಿನ ದೊಡ್ಡ ಸೇಲ್‌ಗಳಲ್ಲಿ ಕೆಲವೇ ಗಂಟೆ ಇರುವ ಆಫರ್ ಬರುತ್ತಿದ್ದವು, 2015ರ ಕೊನೆಗೆ ಅದನ್ನು ನಿಲ್ಲಿಸಿದರು. ಈಗ ಮೊದಲ ದಿನ ಇದ್ದ ಬೆಲೆಯೇ ಸಾಮಾನ್ಯವಾಗಿ ಕೊನೆಯ ದಿನವೂ ಇರುತ್ತದೆ. ಅದಕ್ಕೇ ನಾನು ಕೊನೆಯ ದಿನ ಬೆಳಿಗ್ಗೆ, ಕಾಫಿ ಕುಡಿದ ಮೇಲೆ, ಆ ಪಟ್ಟಿ ತೆರೆಯುತ್ತೇನೆ. ಅರ್ಧಕ್ಕರ್ಧ ಯಾಕೆ ಹಾಕಿದೆ ಎಂದೇ ನೆನಪಿರುವುದಿಲ್ಲ.

ಧಾರವಾಡದಿಂದ

ಮನೆಯಲ್ಲಿ ಕೂಸು ಇರುವವರು ಗೇಮ್ ನಡುವೆ ನಿಲ್ಲಿಸಬಹುದೋ ಇಲ್ಲವೋ ಎಂದು ನೋಡಿಕೊಳ್ಳಿ. ಎಲ್ಡೆನ್ ರಿಂಗ್‌ನಂಥ ದೊಡ್ಡ ಗೇಮಿನಲ್ಲಿಯೂ ಸರಿಯಾದ ಪಾಜ್ ಬಟನ್ ಇಲ್ಲ. ಕೂಸು ಎದ್ದರೆ ಎಲ್ಲಾ ಬಿಟ್ಟು ಓಡಬೇಕು.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಧನ್ಯವಾದ, ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಹೋದ ವಾರದ ಎರಡನ್ನೂ ಒಂದೊಂದು ಗಂಟೆ ಆಡಿದೆ. ಒಂದು ನನಗಲ್ಲ, ವಾಪಸ್ ಕೇಳಿದ್ದೇನೆ. ಇನ್ನೊಂದು ಇರಲಿ ಅನ್ನಿಸಿತು. ಓಡದೇ ಇರುವ ಗೇಮ್ ಕೊಂಡು ಐದು ತಿಂಗಳಾಗಿದೆ, ಅದರ ದುಡ್ಡು ಹೋಯಿತು. ರಸೀದಿಯ ದಿನಾಂಕಗಳನ್ನೂ ನೋಡಿದೆ. ಆರು ಗೇಮ್ ಭಾನುವಾರ ರಾತ್ರಿ ಕೊಂಡದ್ದು. ಸೋಮವಾರದ ಯೋಚನೆ ಇರಬೇಕು, ಈಗ ಅರ್ಥವಾಗುತ್ತಿದೆ.

ಪಟ್ಟಿ ನೋಡುವಾಗ ಲಿಂಬೋ ಅದರಲ್ಲೇ ಇತ್ತು! ಯಾವಾಗ ತಗೊಂಡೆನೋ ನೆನಪಿಲ್ಲ. ಉಳಿದದ್ದನ್ನೆಲ್ಲ ಲ್ಯಾಪ್‌ಟಾಪಿನಿಂದ ತೆಗೆದು ಅದೊಂದನ್ನೇ ಇಟ್ಟುಕೊಂಡಿದ್ದೇನೆ. ನಿನ್ನೆ ರಾತ್ರಿ ಆ ದೊಡ್ಡ ಜೇಡ ಬರುವ ಜಾಗದವರೆಗೆ ಬಂದೆ. ಅದನ್ನು ದಾಟುವುದು ಹೇಗೆ ಎಂದು ಯಾರೂ ಹೇಳಬೇಡಿ.