ಹಾಸನದಲ್ಲಿ ಮನೆ ಬಿಡಬೇಕಾಗಿರುವ ವಿದೇಶಿ ಟ್ರಾನ್ಸ್ ವಿದ್ಯಾರ್ಥಿನಿ: ಮೊದಲು ಯಾವುದು ಮಾಡೋಣ?

ಸಾಲಗಾಮೆ ರಸ್ತೆ:
ನಾವು ಆರು ಜನ ಸೇರಿ ಒಬ್ಬರಿಗೆ ನೆರವಾಗುತ್ತಿದ್ದೇವೆ. ಇಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿನಿ, ಟ್ರಾನ್ಸ್ ಮಹಿಳೆ. ಪಾಸ್‌ಪೋರ್ಟಿನಲ್ಲಿ ಹಳೆಯ ಹೆಸರೇ ಇದೆ, ‘ಪುರುಷ’ ಎಂದೇ ಇದೆ. ಊರಲ್ಲಿ ವಿಷಯ ಗೊತ್ತಾಗಿ ಮನೆಯವರು ದುಡ್ಡು ಕಳಿಸುವುದು ನಿಲ್ಲಿಸಿದ್ದಾರೆ. ವಾಪಸ್ ಬಂದರೆ ಕೊಲ್ಲುತ್ತೇವೆ ಎಂದು ಮೆಸೇಜ್ ಬಂದಿದೆ. ಅಲ್ಲಿನ ಕಾನೂನೂ ಜೈಲಿಗೆ ಹಾಕುವಂಥದ್ದು. ಮನೆ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಅಂದಿದ್ದಾರೆ. ಸೆಮಿಸ್ಟರ್ ಫೀಸ್ ಬಾಕಿ. ವೀಸಾ ಇನ್ನು ಏಳು ವಾರ. ಸಕಲೇಶಪುರದ ಕಡೆ ಪರಿಚಯದವರ ಎಸ್ಟೇಟಿನಲ್ಲಿ ಒಂದು ಲೈನ್ ಮನೆ ಖಾಲಿ ಇದೆ, ಸದ್ಯಕ್ಕೆ ಅಲ್ಲಿ ಇರಿಸಬಹುದೇ? ಇಲ್ಲಿಂದಲೇ ಆಶ್ರಯ ಕೇಳುವ ದಾರಿ ಇದೆಯೇ? ಎಷ್ಟು ದುಡ್ಡು ಹೊಂದಿಸಬೇಕು?

ಕಾನೂನು ಕಟ್ಟೆ:
ದೇಶದ ಹೆಸರು, ಕಾಲೇಜಿನ ಹೆಸರು ಬರೆಯದೆ ಒಳ್ಳೆಯದು ಮಾಡಿದಿರಿ. ಮುಂದೆಯೂ ಬರೆಯಬೇಡಿ. ಹಾಸನದಂಥ ಊರಲ್ಲಿ ಅಷ್ಟು ಸಾಕು ಗುರುತು ಹಿಡಿಯಲು.

ಕೈಗೆ ಬಂದ ಮೊದಲ ದುಡ್ಡು ಬಾಡಿಗೆಗೆ ಬೇಡ, ಫೀಸಿಗೆ ಹಾಕಿ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರು ಇದ್ದರೆ ವೀಸಾ, ವೀಸಾ ಇದ್ದರೆ ಮನೆ. ಹೆಸರು ತೆಗೆದರೆ ಕಾಲೇಜು ಅದನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಲೇಬೇಕು, ಅಲ್ಲಿಗೆ ಎಲ್ಲ ಬಿಗಡಾಯಿಸುತ್ತದೆ. ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೊಡಿ: ಮನೆಯಿಂದ ಹಣ ನಿಂತಿದೆ, ಫೀಸನ್ನು ಮೂರು ಕಂತು ಮಾಡಿಕೊಡಿ ಎಂದಷ್ಟೇ. ಟ್ರಾನ್ಸ್ ವಿಷಯ ಆ ಪತ್ರದಲ್ಲಿ ಬೇಕಿಲ್ಲ. ವೀಸಾ ವಿಸ್ತರಣೆ ಅರ್ಜಿ ವಿದೇಶಿಯರ ನೋಂದಣಿಯ ಸರ್ಕಾರಿ ಜಾಲತಾಣ ಇ-ಎಫ್‌ಆರ್‌ಆರ್‌ಓದಲ್ಲಿ, ಅವಧಿ ಮುಗಿಯುವ ಮೊದಲೇ ಹೋಗಬೇಕು. ಕಾಲೇಜಿನ ಬೋನಾಫೈಡ್ ಪತ್ರ, ಫೀಸ್ ರಸೀದಿ, ವಾಸದ ದಾಖಲೆ ಕೇಳುತ್ತಾರೆ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ; ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಸಜೆ ಇದೆ. ಹಾಗಾಗಿ ಏಳು ವಾರ ಎಂದರೆ ನಾಲ್ಕೇ ವಾರ ಎಂದು ಲೆಕ್ಕ ಹಾಕಿಕೊಳ್ಳಿ.

ಇನ್ನು ಆಶ್ರಯದ ಮಾತು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮಲ್ಲಿ ಅದಕ್ಕೆಂದೇ ಕಾನೂನೂ ಇಲ್ಲ. ‘ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಜಾಗ ಕೊಟ್ಟಿದ್ದಾರಲ್ಲ’ ಎಂದು ಯಾರಾದರೂ ಹೇಳುತ್ತಾರೆ. ಅದು ಸರ್ಕಾರವೇ ನೇರವಾಗಿ ಮಾಡಿದ ವ್ಯವಸ್ಥೆ. ಇವರ ಪ್ರಕರಣವನ್ನು ನೋಡುವುದು ದೆಹಲಿಯ ವಿಶ್ವಸಂಸ್ಥೆ ನಿರಾಶ್ರಿತರ ಕಚೇರಿ, ಯುಎನ್‌ಎಚ್‌ಸಿಆರ್. ವಿದ್ಯಾರ್ಥಿ ವೀಸಾದ ಮೇಲೆ ಬಂದವರೂ ಕೇಳಬಹುದು. ಅಪಾಯ ಇಲ್ಲಿಗೆ ಬಂದ ಮೇಲೆ ಹುಟ್ಟಿದ್ದರೂ ನಡೆಯುತ್ತದೆ. ಮೊದಲು ನೋಂದಣಿಗೆ ಕೋರಿಕೆ, ಆಮೇಲೆ ಅವರು ಕೊಟ್ಟ ದಿನ ಖುದ್ದಾಗಿ ಹಾಜರಿ, ಬಹಳ ಕಾಯ್ದ ಮೇಲೆ ವಿವರವಾದ ಸಂದರ್ಶನ. ಪೂರ್ತಿ ಉಚಿತ. ‘ಯುಎನ್‌ಎಚ್‌ಸಿಆರ್ ಕಾರ್ಡ್ ಮಾಡಿಸಿಕೊಡ್ತೀನಿ’ ಎಂದು ದುಡ್ಡು ಕೇಳುವವರು ಮೋಸಗಾರರು. ಆ ಕಾರ್ಡ್ ಸಿಕ್ಕರೂ ಅದು ವೀಸಾ ಅಲ್ಲ, ಕೆಲಸ ಮಾಡುವ ಪರವಾನಗಿಯೂ ಅಲ್ಲ.

ಸಂದರ್ಶನಕ್ಕೆ ಈಗಲೇ ತಯಾರಿ ಶುರುವಾಗಲಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಪ್ರಕಾರ ಬರೆಸಿ: ಯಾರು ಬೆದರಿಸಿದರು, ಯಾವ ನಂಬರಿನಿಂದ, ಯಾವ ಮಾತಿನಲ್ಲಿ. ಸ್ಕ್ರೀನ್‌ಶಾಟಿನಲ್ಲಿ ಕಳಿಸಿದವರ ನಂಬರು, ದಿನಾಂಕ ಎರಡೂ ಕಾಣಬೇಕು. ಹೆಚ್ಚಿನವರು ಮೆಸೇಜನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಅದು ತೂಕ ಕಳೆದುಕೊಳ್ಳುತ್ತದೆ. ತಾನು ಟ್ರಾನ್ಸ್ ಎಂಬುದನ್ನು ಮೊದಲ ದಿನವೇ ಹೇಳಬೇಕು. ನಾಚಿಕೆಗೆ ಮುಚ್ಚಿಟ್ಟು ಆಮೇಲೆ ಹೇಳಿದರೆ ‘ಈಗ ಸೇರಿಸಿದ್ದು’ ಎಂಬ ಅನುಮಾನ ಬರುತ್ತದೆ. ದುಭಾಷಿ ತಮ್ಮ ಊರಿನವರೇ ಆಗಿ ಭಯವಾದರೆ ಬದಲಾಯಿಸಿ ಎಂದು ಕೇಳಬಹುದು. ತಮ್ಮ ದೇಶದ ರಾಯಭಾರ ಕಚೇರಿಗೆ, ವಕೀಲರನ್ನು ಕೇಳದೆ, ಫೋನ್ ಕೂಡ ಬೇಡ.

ಹಾಸನ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಕೊಡುವ ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರಿಗೂ ಅನ್ವಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಹೇಳಿದೆ. ವಕೀಲರು ಹಿಂಜರಿದರೆ ಇದನ್ನು ನೆನಪಿಸಿ.

ಹೇಮಾವತಿ ದಡ:
ಲೈನ್ ಮನೆ ಖಂಡಿತ ಬೇಡ. ಕೊಡುವವರ ಮನಸ್ಸು ದೊಡ್ಡದು, ಆದರೆ ಹೊರಗಿನ ಕೂಲಿಯವರ ದಾಖಲೆ ನೋಡಲು ಪೊಲೀಸರು ಎಸ್ಟೇಟುಗಳಿಗೆ ಹೋಗುತ್ತಿರುತ್ತಾರೆ. ಅಲ್ಲಿ ಸಿಕ್ಕರೆ ‘ಬಚ್ಚಿಟ್ಟಿದ್ದಾರೆ’ ಎಂದೇ ಅರ್ಥ ಬರುವುದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋದರೆ ದೆಹಲಿಯಿಂದ ಬಂದ ಕರೆಯೂ ತಪ್ಪುತ್ತದೆ.

ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನ ಈಗಲೂ ಸಿ-ಫಾರಂ ಎನ್ನುತ್ತಾರೆ. ಮನೆ ಕೊಡಲು ಮಾಲೀಕರು ಹೆದರುವುದು ಅರ್ಧ ಈ ಫಾರಮ್ಮಿಗೇ. ಹಾಗಾಗಿ ಮನೆ ಕೇಳಲು ಹೋಗುವಾಗ ‘ಫಾರಂ ನಾವೇ ಕೂತು ತುಂಬಿಸಿಕೊಡುತ್ತೇವೆ ಸಾರ್’ ಎಂದು ಮೊದಲೇ ಹೇಳಿ. ಮೊದಲು ಮಾಲೀಕರ ಹೆಸರಲ್ಲಿ ಲಾಗಿನ್ ಆಗಬೇಕು. ಅದಕ್ಕೆ ಒಪ್ಪಿಗೆ ಸಿಗುವುದು ತಡವಾಗುತ್ತದೆ, ಆದ್ದರಿಂದ ಸಾಮಾನು ಸಾಗಿಸುವ ವಾರದ ಮುಂಚೆಯೇ ಶುರು ಮಾಡಿ. ಜಿಲ್ಲೆಯಲ್ಲಿ ಇದನ್ನು ನೋಡುವುದು ಎಸ್ಪಿ ಕಚೇರಿಯ ವಿದೇಶಿಯರ ಶಾಖೆ. ವಿದ್ಯಾರ್ಥಿನಿಯೂ ತಮ್ಮ ಇ-ಎಫ್‌ಆರ್‌ಆರ್‌ಓ ಖಾತೆಯಲ್ಲಿ ವಿಳಾಸ ಬದಲಾವಣೆ ಹಾಕಬೇಕು. ಇದನ್ನು ಮರೆಯುವವರೇ ಹೆಚ್ಚು.

ಕರಾರು 11 ತಿಂಗಳಿಗೆ ಮಾಡಿಸಿ. ಪಾಸ್‌ಪೋರ್ಟಿನ ಹೆಸರು ಮೊದಲು, ‘ಉರುಫ್’ ಎಂದು ಈಗಿನ ಹೆಸರು ಆಮೇಲೆ. ಬರೀ ಈಗಿನ ಹೆಸರು ಹಾಕಿದರೆ ಫಾರಮ್ಮಿಗೆ ತಾಳೆಯಾಗದೆ ವಾಪಸ್ ಬರುತ್ತದೆ. ಲೇಡೀಸ್ ಪಿ.ಜಿ. ಪ್ರಯತ್ನ ಬಿಡಿ; ಪಾಸ್‌ಪೋರ್ಟ್ ತೋರಿಸಿದ ಕೂಡಲೇ ಗಲಾಟೆ. ಒಂದು ರೂಂ, ಅಡುಗೆಮನೆ, ಒಳಗೇ ಬಾತ್‌ರೂಂ, ಬೇರೆ ಬಾಗಿಲು ಇರುವ ಮನೆ ಹುಡುಕಿ.

ಈಗಿನ ಮಾಲೀಕರು ಬೀಗ ಹಾಕಿದರೆ, ನೀರು ನಿಲ್ಲಿಸಿದರೆ 112. ಬಾಡಿಗೆದಾರರನ್ನು ಬಿಡಿಸುವುದು ಕೋರ್ಟಿನ ಕೆಲಸ. ಟ್ರಾನ್ಸ್ ಎಂಬ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸಬಾರದು ಎಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಆದರೂ ಜಗಳಕ್ಕಿಂತ ಹದಿನೈದು ದಿನದ ಗಡುವು ಕೇಳಿ ಪಡೆಯುವುದು ಮೇಲು.

ಲೆಕ್ಕದ ವಹಿ:
ದುಡ್ಡಿನ ವಿಷಯ. ಬಾಡಿಗೆ 6,000, ಊಟ-ಗ್ಯಾಸ್ 4,500, ಔಷಧಿ-ರಕ್ತಪರೀಕ್ಷೆ 1,500, ಫೋನ್-ಬಸ್ಸು 1,000 ಎಂದು ಇಟ್ಟುಕೊಂಡರೆ ತಿಂಗಳಿಗೆ 13,000. ಇಪ್ಪತ್ತು ಜನ ತಲಾ 650 ಹಾಕಿದರೆ ನಡೆಯುತ್ತದೆ. ಆರು ತಿಂಗಳಿಗೆ 78,000. ಅಡ್ವಾನ್ಸ್ 30,000, ದೆಹಲಿ ಪ್ರಯಾಣಕ್ಕೆ ಇಬ್ಬರಿಗೆ 12,000 ಬೇರೆ. ಫೀಸ್ ಇದರಲ್ಲಿ ಸೇರಿಲ್ಲ. ಒಬ್ಬರೇ 10,000 ಕೊಡುವುದಕ್ಕಿಂತ ಇಪ್ಪತ್ತು ಜನರ 650 ಗಟ್ಟಿ. ದೊಡ್ಡ ದಾನಿ ಮೂರನೇ ತಿಂಗಳಿಗೆ ಸುಸ್ತಾಗುತ್ತಾರೆ.

ಬಾಡಿಗೆ ನೇರ ಮಾಲೀಕರಿಗೆ, ಫೀಸ್ ನೇರ ಕಾಲೇಜಿಗೆ. ಊಟದ ದುಡ್ಡು ಮಾತ್ರ ಅವರ ಕೈಗೆ ಕೊಡಿ, ಅದಕ್ಕೆ ಲೆಕ್ಕ ಕೇಳಬೇಡಿ. ಹೊರದೇಶದಿಂದ ಯಾರಾದರೂ ಕಳಿಸುತ್ತೇನೆ ಎಂದರೆ ನಿಮ್ಮ ಗುಂಪಿನ ಖಾತೆಗೆ ಬೇಡ, ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ತೊಡಕು. ವೀಸಾ ಮುಗಿದರೆ ಅವರ ಬ್ಯಾಂಕ್ ಖಾತೆ, ಸಿಮ್ ಎರಡೂ ನಿಲ್ಲಬಹುದು. ಯುಎನ್‌ಎಚ್‌ಸಿಆರ್ ಅರ್ಜಿಯಲ್ಲಿ ನಿಮ್ಮಲ್ಲಿ ಒಬ್ಬರ ನಂಬರನ್ನು ಎರಡನೆಯದಾಗಿ ಕೊಡಿಸಿ.

ಪಡಿತರ ಚೀಟಿ, ಟ್ರಾನ್ಸ್ ಜನರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಪಿಂಚಣಿ ಇವರಿಗೆ ಸಿಗುವುದಿಲ್ಲ, ಓಡಾಡಬೇಡಿ. ಇಂದಿರಾ ಕ್ಯಾಂಟೀನಿನಲ್ಲಿ ಗುರುತು ಚೀಟಿ ಕೇಳುವುದಿಲ್ಲ: ತಿಂಡಿ 5 ರೂಪಾಯಿ, ಊಟ 10.

ಹಾರ್ಮೋನ್ ಮಾತ್ರೆ ದುಡ್ಡಿಲ್ಲ ಎಂದು ನಿಲ್ಲಿಸಲು ಬಿಡಬೇಡಿ, ವೈದ್ಯರನ್ನು ಕೇಳದೆ ಪ್ರಮಾಣ ಬದಲಿಸಲೂ ಬೇಡ. ಪುರುಷ ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ರಾತ್ರಿ ಹೊತ್ತು ಮನಸ್ಸು ಕುಸಿದರೆ ಟೆಲಿ-ಮಾನಸ್ 14416, ಕನ್ನಡ ಅಲ್ಲದೆ ಇಂಗ್ಲಿಷಿನಲ್ಲೂ ಮಾತಾಡುತ್ತಾರೆ.

ಸಾಲಗಾಮೆ ರಸ್ತೆ:
ಎಲ್ಲರಿಗೂ ನಮಸ್ಕಾರ. ಎಸ್ಟೇಟ್ ಯೋಚನೆ ಕೈಬಿಟ್ಟೆವು. ಇನ್ನೊಂದು ಪ್ರಶ್ನೆ: ಇಲ್ಲಿನ ಮಂಗಳಮುಖಿ ಸಮುದಾಯದ ಅಮ್ಮ ಒಬ್ಬರು ‘ನಮ್ಮ ಹಮಾಮಿಗೆ ಕಳಿಸಿ’ ಅನ್ನುತ್ತಿದ್ದಾರೆ, ಅಂದರೆ ಸಮುದಾಯದವರು ಒಟ್ಟಿಗೆ ಇರುವ ಮನೆಗೆ. ಕಳಿಸಬಹುದೇ?

ಗುರುವಿನ ಮನೆ:
ಊಟಕ್ಕೆ, ಹಬ್ಬಕ್ಕೆ, ಜೊತೆಗೆ ಕೂರಲಿಕ್ಕೆ ಖಂಡಿತ ಕಳಿಸಿ. ‘ನೀನು ಒಬ್ಬಳೇ ಅಲ್ಲ ಮಗಳೇ’ ಎಂದು ಅಮ್ಮ ಹೇಳಿದರೆ ಅದರ ಬಲವೇ ಬೇರೆ, ನೀವು ಆರು ಜನ ಕೊಡಲಾಗದ್ದು ಅದು. ವಾಸಕ್ಕೆ ಮಾತ್ರ ಬೇಡ. ಹಮಾಮಿನ ಮನೆಯ ಮಾಲೀಕರು ಸಿ-ಫಾರಂ ತುಂಬುವುದಿಲ್ಲ, ಪೊಲೀಸರು ಬಂದರೆ ಉಳಿದ ಹೆಣ್ಣುಮಕ್ಕಳೂ ಸಿಕ್ಕಿಹಾಕಿಕೊಳ್ಳುತ್ತಾರೆ. ಅಲ್ಲಿ ಇದ್ದರೆ ದುಡಿಮೆಗೆ ಹೋಗಬೇಕಾಗುತ್ತದೆ. ವಿದ್ಯಾರ್ಥಿ ವೀಸಾದವರು ಭಿಕ್ಷೆಯಲ್ಲಿ ಸಿಕ್ಕರೂ ಪ್ರಕರಣವೇ. ಇದನ್ನು ಅಮ್ಮನಿಗೆ ನೀವೇ ಹೋಗಿ, ಕೂತು, ಬಿಡಿಸಿ ಹೇಳಿ. ಫೋನಿನಲ್ಲಿ ಬೇಡ, ಮನಸ್ಸಿಗೆ ನೋವಾಗುತ್ತದೆ. ಲೈಂಗಿಕ ಅಲ್ಪಸಂಖ್ಯಾತರಿಗಾಗಿ ಕೆಲಸ ಮಾಡುವ, ಬೆಂಗಳೂರಿನ ಸಂಗಮದಂಥ ಸಂಸ್ಥೆಗಳನ್ನೂ ಈ ವಾರವೇ ಸಂಪರ್ಕಿಸಿ. ದೆಹಲಿಗೆ ಹೋಗುವ ದಿನ ಜೊತೆಗೆ ಒಬ್ಬ ಟ್ರಾನ್ಸ್ ಸ್ನೇಹಿತೆ ಇರಲಿ. ಟಿಕೆಟ್ ಪಾಸ್‌ಪೋರ್ಟಿನ ಹೆಸರಿನಲ್ಲೇ ಮಾಡಿಸಿ, ಮೂಲ ಪಾಸ್‌ಪೋರ್ಟ್ ಬ್ಯಾಗಿನಲ್ಲಿ ಬೇಡ, ಮೈಮೇಲಿನ ಪೌಚಿನಲ್ಲಿ.