ಸಹಾಯ ಬೇಕು: ಪರದೆ ತಿರುಗುತ್ತಿಲ್ಲ, ಮುಚ್ಚಳ ತೆರೆದಿದ್ದರೂ ಲ್ಯಾಪ್‌ಟಾಪ್ ಸ್ಲೀಪ್ ಆಗುತ್ತದೆ

ಎಲ್ಲರಿಗೂ ನಮಸ್ಕಾರ, ಶಿರಸಿಯಿಂದ ಬರೆಯುತ್ತಿದ್ದೇನೆ. ನನ್ನದು ಪರದೆ ಪೂರ್ತಿ ಹಿಂದಕ್ಕೆ ಮಡಚಿ ಟ್ಯಾಬ್ಲೆಟ್ ಮಾಡಿಕೊಳ್ಳುವಂಥ ಲ್ಯಾಪ್‌ಟಾಪ್, ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿದ್ದೇನೆ. 15 ದಿನದಿಂದ ಎರಡು ಕಾಟ. ಹೇಗೆ ಹಿಡಿದರೂ ಪರದೆ ತಿರುಗುವುದಿಲ್ಲ. ಇನ್ನೊಂದು ಜಾಸ್ತಿ ತಲೆನೋವು: ಮುಚ್ಚಳ ತೆರೆದೇ ಇದ್ದರೂ ಸುಮ್ನೆ ಸ್ಲೀಪ್‌ಗೆ ಹೋಗಿಬಿಡುತ್ತದೆ, ಅದೂ ಅಡಿಕೆ ಲೆಕ್ಕ ಬರೆಯುತ್ತಾ ಕೂತಾಗಲೇ!

ಮುಚ್ಚಳದ ಸೆನ್ಸರ್ ಕೆಲಸ ಮಾಡುವುದು ಅಯಸ್ಕಾಂತದಿಂದ ಅಲ್ವಾ, ಹಾಗಾಗಿ ಮ್ಯಾಗ್ನೆಟ್ ಇರುವ ಮೊಬೈಲ್ ಕವರ್ ದೂರ ಇಟ್ಟು ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಲಾಗಿನ್, ಸ್ಲೀಪ್ ಎಲ್ಲ ನೋಡಿಕೊಳ್ಳುವ ಲಾಗಿನ್‌ಡಿಯ ಸೆಟ್ಟಿಂಗ್ ಫೈಲಿನಲ್ಲಿ, ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅಂತ ಹೇಳುವ ಹ್ಯಾಂಡಲ್‌ಲಿಡ್‌ಸ್ವಿಚ್ ಅನ್ನು ಇಗ್ನೋರ್ (ಏನೂ ಮಾಡಬೇಡ) ಅಂತ ಮಾಡಿದ ಮೇಲೆ ಸ್ಲೀಪ್ ನಿಂತಿದೆ, ಆದರೆ ಈಗ ನಿಜವಾಗಿ ಮುಚ್ಚಿದರೂ ಆನ್ ಆಗಿಯೇ ಇದ್ದು ಬ್ಯಾಗಿನೊಳಗೆ ಕಾದ ಕಾವಲಿ ಆಗಿರುತ್ತದೆ. ಪರದೆ ತಿರುಗದ್ದಕ್ಕೆ, ಸೆನ್ಸರ್‌ಗಳನ್ನು ತೋರಿಸುವ ಮಾನಿಟರ್-ಸೆನ್ಸರ್ ಕಮಾಂಡ್ ಕೊಟ್ಟರೆ ಆಕ್ಸೆಲೆರೊಮೀಟರ್ (ಹಿಡಿದಿರುವ ದಿಕ್ಕು ತಿಳಿಯುವ ಸೆನ್ಸರ್) ಇಲ್ಲ ಎನ್ನುತ್ತದೆ.

ಎರಡೂ ಒಟ್ಟಿಗೇ ಶುರುವಾಗಿದ್ದರಿಂದ ಹಿಂಜ್ (ಪರದೆ ಮಡಚುವ ಕೀಲು) ಹತ್ತಿರದ ಕೇಬಲ್ ಮೇಲೆ ಅನುಮಾನ. ಆದರೆ ಅದೇ ವಾರ ಅಪ್‌ಡೇಟ್ ಕೂಡ ಆಗಿತ್ತು, ಮೇಲಿಂದ ನಮ್ಮ ಮಳೆಗಾಲದ ತೇವ ಬೇರೆ. ಇಲ್ಲಿನ ಅಂಗಡಿಯವರು ಮದರ್‌ಬೋರ್ಡೇ ಬದಲಿಸಿ ಅಂದರು, ನನಗೆ ನಂಬಿಕೆ ಬರಲಿಲ್ಲ. ಮೊದಲು ಅಪ್‌ಡೇಟ್‌ಗಿಂತ ಹಿಂದಿನ ಹಳೆ ಕರ್ನಲ್‌ನಲ್ಲಿ (ಉಬುಂಟುವಿನ ಮೂಲ ಭಾಗ) ಬೂಟ್ ಮಾಡಿ ನೋಡಲಾ, ಬಿಚ್ಚಿಸಿಯೇ ಬಿಡಲಾ? ಹುಬ್ಬಳ್ಳಿ ಬಸ್ಸು ಹತ್ತುವ ಮೊದಲು ಗೊತ್ತಿದ್ದವರು ಹೇಳಿ.